ಬರ್ನಿ ಸ್ಯಾಂಡರ್ಸ್ ವಲಸಿಗರ ಪರ, ಆದರೆ ಎಚ್‌-1ಬಿ ವಿರೋಧಿ: ಇದು ಹೇಗೆ ಸಾಧ್ಯ?

2025ರ ಸೆಪ್ಟೆಂಬರ್ 19ರಂದು ಡೊನಾಲ್ಡ್ ಟ್ರಂಪ್ ಎಚ್‌-1ಬಿ ವೀಸಾದ (ನುರಿತ ವಿದೇಶಿಯರು ಅಮೆರಿಕದಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡಲು ಕೊಡುವ ವೀಸಾ) ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಆದೇಶ ಹೊರಡಿಸಿದಾಗ ಬೆಂಗಳೂರು ಬೆಚ್ಚಿಬಿತ್ತು. ರಜೆಗೆಂದು ಊರಿಗೆ ಬಂದವರು ಸಿಕ್ಕ ವಿಮಾನ ಹತ್ತಿ ವಾಪಸ್ ಓಡಿದರು. ಮರುದಿನ ಶ್ವೇತಭವನ, ಇದು ಹೊಸ ಅರ್ಜಿಗೆ ಮಾತ್ರ, ಈಗಾಗಲೇ ವೀಸಾ ಇರುವವರು ಕಟ್ಟಬೇಕಿಲ್ಲ ಎಂದು ಸ್ಪಷ್ಟನೆ ಕೊಟ್ಟಿತು. ಟ್ರಂಪ್ ಹೀಗೆ ಮಾಡಿದರು ಎಂದರೆ ಯಾರಿಗೂ ಅಂಥ ಆಶ್ಚರ್ಯವಿಲ್ಲ. ತಲೆ ಕೆಡಿಸಿದ್ದು ಅದೇ ತಿಂಗಳ ಕೊನೆಗೆ ಬಂದ ಇನ್ನೊಂದು ಸುದ್ದಿ.

ಎಚ್‌-1ಬಿ ಮತ್ತು ಎಲ್‌-1 (ಕಂಪನಿ ತನ್ನದೇ ನೌಕರರನ್ನು ಅಮೆರಿಕದ ಕಚೇರಿಗೆ ಕಳಿಸಲು ಬಳಸುವಂಥದ್ದು) ವೀಸಾಗಳ ನಿಯಮ ಬಿಗಿ ಮಾಡುವ ಹಳೇ ಮಸೂದೆಯೊಂದನ್ನು ಸೆನೆಟರ್‌ಗಳಾದ ರಿಪಬ್ಲಿಕನ್ ಚಕ್ ಗ್ರಾಸ್ಲಿ ಮತ್ತು ಡೆಮಾಕ್ರಾಟ್ ಡಿಕ್ ಡರ್ಬಿನ್ ಮತ್ತೆ ಸೆನೆಟ್‌ಗೆ ತಂದರು. ಜೊತೆಗೆ ಸಹಿ ಹಾಕಿದವರಲ್ಲಿ ಟ್ರಂಪ್ ಕಟ್ಟಾ ಬೆಂಬಲಿಗ ಟಾಮಿ ಟ್ಯೂಬರ್‌ವಿಲ್ ಇದ್ದರು. ಅದೇ ಪಟ್ಟಿಯಲ್ಲಿ ಬರ್ನಿ ಸ್ಯಾಂಡರ್ಸ್ ಕೂಡ ಇದ್ದರು. ವಲಸಿಗರ ಪರ ಮಾತಾಡುವ, ಎಲ್ಲರಿಗೂ ಉಚಿತ ಚಿಕಿತ್ಸೆ ಕೇಳುವ, ಶ್ರೀಮಂತರಿಗೆ ತೆರಿಗೆ ಜಾಸ್ತಿ ಮಾಡಿ ಅನ್ನುವ ಅದೇ ಸ್ಯಾಂಡರ್ಸ್. ಹಾಗಾದರೆ ಇವರು ಎಡವೋ ಬಲವೋ, ನಮ್ಮ ಹುಡುಗರ ಪರವೋ ವಿರೋಧವೋ? ಇದಕ್ಕೆ ಉತ್ತರ ಅವರ ಭಾಷಣದಲ್ಲಿ ಸಿಗುವುದಕ್ಕಿಂತ ಸಂಸತ್ತಿನಲ್ಲಿ ಅವರು ಹಾಕಿದ ಮತಗಳಲ್ಲಿ, ತಂದ ತಿದ್ದುಪಡಿಗಳಲ್ಲಿ ಚೆನ್ನಾಗಿ ಸಿಗುತ್ತದೆ.

ಇಬ್ಬರು ಬರ್ನಿಗಳಿದ್ದಾರೆ, ಹುಷಾರು

ಮೊದಲು ಒಂದು ಸಣ್ಣ ಗೋಜಲು ಬಿಡಿಸೋಣ. ಅಮೆರಿಕದ ಕಂಪನಿಗಳು ಹೊರದೇಶಕ್ಕೆ ಕೊಡುವ ಹೊರಗುತ್ತಿಗೆ ಹಣದ ಮೇಲೆ ಶೇ 25 ತೆರಿಗೆ ಹಾಕಬೇಕು ಎಂಬ ಮಸೂದೆ 2025ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬಂತು. ಅದನ್ನು ತಂದವರು ಬರ್ನಿ ಮೊರೆನೊ, ಒಹಾಯೊ ರಾಜ್ಯದ ರಿಪಬ್ಲಿಕನ್ ಸೆನೆಟರ್. ಸ್ಯಾಂಡರ್ಸ್ ಅಲ್ಲ. "ಸೆನೆಟರ್ ಬರ್ನಿ ಹೊರಗುತ್ತಿಗೆ ಮೇಲೆ ತೆರಿಗೆ ಹಾಕ್ತಾರಂತೆ" ಎನ್ನುವ ವಾಟ್ಸಾಪ್ ಸಂದೇಶ ಬಂದರೆ ಯಾವ ಬರ್ನಿ ಅಂತ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಬರ್ನಿ ಸ್ಯಾಂಡರ್ಸ್ ವರ್ಮಾಂಟ್‌ನವರು. ಹುಟ್ಟಿದ್ದು 1941ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. 1981ರಲ್ಲಿ ಬರ್ಲಿಂಗ್ಟನ್ ಎಂಬ ಊರಿಗೆ ಮೇಯರ್ ಆಗಿದ್ದು ಬರೀ 10 ಮತಗಳ ಅಂತರದಿಂದ. 1991ರಿಂದ ಕೆಳಮನೆಯಲ್ಲಿ 16 ವರ್ಷ, 2007ರಿಂದ ಸೆನೆಟ್‌ನಲ್ಲಿ. ಇವತ್ತಿಗೂ ಪಕ್ಷೇತರ. ಡೆಮಾಕ್ರಾಟರ ಗುಂಪಿನ ಜೊತೆ ಕೂರುತ್ತಾರೆ, ಆದರೆ ಪಕ್ಷದ ಟಿಕೆಟ್ ಮೇಲೆ ಸೆನೆಟ್‌ಗೆ ಬಂದವರಲ್ಲ. ವರ್ಮಾಂಟ್ ಚಿಕ್ಕ ರಾಜ್ಯ, ಜನಸಂಖ್ಯೆ ಆರೂವರೆ ಲಕ್ಷದ ಆಸುಪಾಸು. ಆದರೆ ಸೆನೆಟ್‌ನಲ್ಲಿ ದೊಡ್ಡ ಕ್ಯಾಲಿಫೋರ್ನಿಯಾಕ್ಕೂ ಎರಡೇ ಸೀಟು, ಚಿಕ್ಕ ವರ್ಮಾಂಟ್‌ಗೂ ಎರಡೇ. ಹಾಗಾಗಿ ಅಲ್ಲಿನ ಒಬ್ಬ ಸೆನೆಟರ್ ಹಟ ಹಿಡಿದರೆ ದೇಶವೇ ಕಿವಿಗೊಡಬೇಕಾಗುತ್ತದೆ.

ಮಸೂದೆ ಎಣಿಸಿದರೆ ಸಿಗುವುದು ಮೂರು

ಸ್ಯಾಂಡರ್ಸ್ ವಿರೋಧಿಗಳಿಗೆ ಪ್ರಿಯವಾದ ಒಂದು ಲೆಕ್ಕ ಇದೆ. 2016ರಲ್ಲಿ ಅವರು ಅಧ್ಯಕ್ಷ ಸ್ಥಾನದ ಉಮೇದುವಾರಿಕೆಗೆ ನಿಂತಾಗ ಇದು ಜೋರಾಗಿ ಓಡಾಡಿತು. ಅಷ್ಟು ಹೊತ್ತಿಗೆ ಸಂಸತ್ತಿನಲ್ಲಿ 25 ವರ್ಷ ಕಳೆದಿದ್ದವು. ಅವರೇ ಮುಖ್ಯ ಮಂಡಕರಾಗಿ ತಂದು, ಕಾನೂನಾದ ಮಸೂದೆಗಳು ಎಷ್ಟು? ಮೂರು. ಒಂದು ಮಾಜಿ ಸೈನಿಕರ ಭತ್ಯೆ ಏರಿಸುವಂಥದ್ದು. ಉಳಿದ ಎರಡು ವರ್ಮಾಂಟ್‌ನ ಎರಡು ಅಂಚೆ ಕಚೇರಿಗಳಿಗೆ ಹೆಸರಿಡುವಂಥವು!

ಕೇಳಲು ತಮಾಷೆಯಾಗಿದೆ, ಅಲ್ವಾ? ಆದರೆ ಆ ಹೆಸರುಗಳು ಯಾರವು ಅಂತ ನೋಡಿ. ಫೇರ್ ಹೇವನ್ ಊರಿನ ಅಂಚೆ ಕಚೇರಿಗೆ ಇಟ್ಟಿದ್ದು ಮ್ಯಾಥ್ಯೂ ಲಯನ್ ಹೆಸರು. 1760ರ ದಶಕದಲ್ಲಿ ಐರ್ಲೆಂಡಿನಿಂದ ಹಡಗಿನ ಚಾರ್ಜು ತೀರಿಸಲು ಜೀತದ ಕರಾರಿನ ಮೇಲೆ ಬಂದ ಹುಡುಗ ಈತ. ಆಮೇಲೆ ಸಂಸತ್ ಸದಸ್ಯನಾದ. 1798ರ ರಾಜದ್ರೋಹ ಕಾನೂನಿನಡಿ ಅಧ್ಯಕ್ಷರನ್ನು ಟೀಕಿಸಿದ್ದಕ್ಕೆ ಜೈಲಿಗೆ ಹೋದ, ಜೈಲಿನಲ್ಲಿದ್ದೇ ಮತ್ತೆ ಗೆದ್ದ. ಡ್ಯಾನ್‌ವಿಲ್‌ನ ಅಂಚೆ ಕಚೇರಿಗೆ ಇಟ್ಟಿದ್ದು ಅದೇ ಊರಲ್ಲಿ ಹುಟ್ಟಿದ, ಗುಲಾಮಗಿರಿ ವಿರುದ್ಧ ಹೋರಾಡಿದ ಥ್ಯಾಡಿಯಸ್ ಸ್ಟೀವನ್ಸ್ ಹೆಸರು. ಜೀತ, ಕೂಲಿ, ಕಟ್ಟುಪಾಡು ಎಂಬ ವಿಷಯ ಸ್ಯಾಂಡರ್ಸ್ ತಲೆಯಲ್ಲಿ ಎಷ್ಟು ಆಳವಾಗಿ ಕೂತಿದೆ ಅನ್ನುವುದಕ್ಕೆ ಇದೊಂದು ಸುಳಿವು. ಮುಂದೆ ಎಚ್‌-1ಬಿ ಬಗ್ಗೆ ಅವರು ಬಳಸಿದ ಮಾತು ನೋಡುವಾಗ ಇದು ಉಪಯೋಗಕ್ಕೆ ಬರುತ್ತದೆ.

ಆದರೂ ಮಸೂದೆ ಎಣಿಸುವುದು ತಪ್ಪು ಅಳತೆ. ನಮ್ಮಲ್ಲಿ ಖಾಸಗಿ ಸದಸ್ಯರ (ಅಂದರೆ ಸಚಿವರಲ್ಲದವರ) ಮಸೂದೆ ಸಂಸತ್ತಿನಲ್ಲಿ ಪಾಸಾಗಿ ಕಾನೂನಾಗಿದ್ದು ಕೊನೆಯ ಸಲ 1970ರಲ್ಲಿ. ಆಮೇಲೆ ಬಂದ ಸಂಸದರೆಲ್ಲ ಸುಮ್ನೆ ಕೂತಿದ್ದರು ಅಂತ ಹೇಳಲು ಆಗುತ್ತದೆಯೇ? ಅಮೆರಿಕದಲ್ಲಿ ಸದಸ್ಯರಿಗೆ ನಮಗಿಂತ ಸ್ವಾತಂತ್ರ್ಯ ಜಾಸ್ತಿ, ನಮ್ಮಂತೆ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ, ವಿಪ್ ಮೀರಿದರೆ ಸೀಟು ಹೋಗುವುದಿಲ್ಲ. ಆದರೆ ಸಾವಿರಾರು ಮಸೂದೆ ಮಂಡನೆಯಾಗಿ ಬೆರಳೆಣಿಕೆಯಷ್ಟು ಪಾಸಾಗುತ್ತವೆ. ನಿಜವಾದ ಕೆಲಸ ನಡೆಯುವುದು ಇನ್ನೊಬ್ಬರ ದೊಡ್ಡ ಮಸೂದೆಯೊಳಗೆ ತನ್ನ ಸಾಲು ಸೇರಿಸುವುದರಲ್ಲಿ.

767 ಪುಟಗಳ ಕಥೆ

ಈ ಸಾಲು ಸೇರಿಸುವ ಕಲೆಯಲ್ಲಿ ಸ್ಯಾಂಡರ್ಸ್ ಪಳಗಿದವರು. 1995ರ ನಂತರ ರಿಪಬ್ಲಿಕನ್ನರ ಹಿಡಿತದಲ್ಲಿದ್ದ ಕೆಳಮನೆಯಲ್ಲಿ, ಹೆಸರು ಕರೆದು ಹಾಕುವ ಮತದಾನದಲ್ಲಿ ಅತಿ ಹೆಚ್ಚು ತಿದ್ದುಪಡಿ ಗೆಲ್ಲಿಸಿಕೊಂಡ ಸದಸ್ಯ ಇವರೇ. ಅಲ್ಪಸಂಖ್ಯಾತ ಗುಂಪಿನ ಪಕ್ಷೇತರನೊಬ್ಬ ಇದನ್ನು ಮಾಡಿದ್ದು ಹೇಗೆಂದರೆ, ಪ್ರತಿ ವಿಷಯಕ್ಕೂ ಎದುರು ಪಕ್ಷದಲ್ಲಿ ಒಬ್ಬ ಜೊತೆಗಾರನನ್ನು ಹುಡುಕಿಕೊಳ್ಳುವ ಮೂಲಕ.

ಒಂದು ಪ್ರಸಂಗ ಹತ್ತಿರದಿಂದ ನೋಡೋಣ. 2009ರ ಡಿಸೆಂಬರ್. ಒಬಾಮಾ ಅವರ ಆರೋಗ್ಯ ವಿಮೆ ಮಸೂದೆ ಸೆನೆಟ್‌ನಲ್ಲಿತ್ತು. ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಜನ ಬೇಕು, ಡೆಮಾಕ್ರಾಟರ ಕಡೆ ಇದ್ದದ್ದು ಸರಿಯಾಗಿ 60. ಅಂದರೆ ಯಾರೊಬ್ಬರು ಕೈಕೊಟ್ಟರೂ ಮಸೂದೆ ಬಿತ್ತು. ಸ್ಯಾಂಡರ್ಸ್ ತಮ್ಮ ತಿದ್ದುಪಡಿ ಮಂಡಿಸಿದರು. ಖಾಸಗಿ ವಿಮೆ ಬದಲು ಸರ್ಕಾರವೇ ಎಲ್ಲರ ಚಿಕಿತ್ಸೆ ವೆಚ್ಚ ಕೊಡಬೇಕು ಅಂತ. ಗೆಲ್ಲುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ಒಕ್ಲಹೋಮದ ರಿಪಬ್ಲಿಕನ್ ಸೆನೆಟರ್ ಟಾಮ್ ಕೋಬರ್ನ್ ಎದ್ದು, ತಿದ್ದುಪಡಿ ಪೂರ್ತಿ ಓದಿಸಿ ಎಂದರು. ಅದು 767 ಪುಟ! ಗುಮಾಸ್ತರು ಸರದಿಯ ಮೇಲೆ ಮೂರು ಗಂಟೆಯ ಹತ್ತಿರ ಓದಿದರು. ಹೀಗೇ ಬಿಟ್ಟರೆ ಮೂಲ ಮಸೂದೆಗೇ ಟೈಮ್ ಸಾಲುವುದಿಲ್ಲ ಅಂತ ಸ್ಯಾಂಡರ್ಸ್ ತಿದ್ದುಪಡಿ ವಾಪಸ್ ಪಡೆದರು.

ಸೋಲು ಅಂತ ಸುದ್ದಿಯಾಯಿತು. ಆದರೆ ಕೊನೆಗೆ ಪಾಸಾದ ಕಾನೂನಿನಲ್ಲಿ ಸಮುದಾಯ ಆರೋಗ್ಯ ಕೇಂದ್ರಗಳಿಗೆ 1,100 ಕೋಟಿ ಡಾಲರ್ ಇತ್ತು. ಅದಕ್ಕೆ ಪಟ್ಟು ಹಿಡಿದವರು ಇವರೇ. ವಿಮೆ ಇಲ್ಲದವರೂ ಹೋಗಿ ಕೈಲಾದಷ್ಟು ಕೊಟ್ಟು ಚಿಕಿತ್ಸೆ ಪಡೆಯುವ ಜಾಗಗಳಿವು, ಹಳ್ಳಿಗಾಡಿನಲ್ಲಿ ಜಾಸ್ತಿ. ದೊಡ್ಡದು ಕೇಳು, ಸಿಗದಿದ್ದಾಗ ಬಾಗಿಲು ಬಡಿದು ಹೋಗದೆ ಚಿಕ್ಕದನ್ನು ಗಟ್ಟಿಯಾಗಿ ಹಿಡಿದುಕೋ. ಇದೇ ಅವರ ದಾರಿ.

ಮುಂದಿನ ಘಟನೆಗಳಲ್ಲೂ ಇದೇ ಕಾಣುತ್ತದೆ. 2010ರಲ್ಲಿ ಬ್ಯಾಂಕ್ ಸುಧಾರಣೆ ಕಾನೂನಿಗೆ, ಅಮೆರಿಕದ ಕೇಂದ್ರ ಬ್ಯಾಂಕ್ ಬಿಕ್ಕಟ್ಟಿನ ಹೊತ್ತಲ್ಲಿ ಯಾರಿಗೆಲ್ಲ ಸಾಲ ಕೊಟ್ಟಿತ್ತು ಎಂಬುದರ ಲೆಕ್ಕ ತಪಾಸಣೆ ಆಗಬೇಕು ಎಂಬ ಅವರ ತಿದ್ದುಪಡಿ 96-0 ಮತಗಳಿಂದ ಪಾಸಾಯಿತು. 2014ರಲ್ಲಿ ಮಾಜಿ ಸೈನಿಕರು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕಾಯಬೇಕಾದ ಹಗರಣ ಹೊರಬಿದ್ದಾಗ, ರಿಪಬ್ಲಿಕನ್ ಜಾನ್ ಮೆಕೇನ್ ಜೊತೆ ಕೂತು ಕಾನೂನು ಮಾಡಿಸಿದರು.

2021ರಲ್ಲಿ ಬಜೆಟ್ ಸಮಿತಿಯ ಅಧ್ಯಕ್ಷರಾದಾಗ ಕೋವಿಡ್ ಪರಿಹಾರದ 1.9 ಲಕ್ಷ ಕೋಟಿ ಡಾಲರ್ ಮಸೂದೆ ಅವರ ಕೈಯಿಂದಲೇ ಹೋಯಿತು. ಆದರೆ ಅದರೊಳಗೆ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಸೇರಿಸಲು ಹೋಗಿ 42-58ರಲ್ಲಿ ಸೋತರು. ಆಮೇಲೆ 6 ಲಕ್ಷ ಕೋಟಿ ಡಾಲರ್ ಯೋಜನೆ ಕೇಳಿದರು, 3.5ಕ್ಕೆ ಇಳಿದರು, ಡೆಮಾಕ್ರಾಟ್ ಸೆನೆಟರ್ ಜೋ ಮಾನ್ಚಿನ್ ಅದನ್ನೂ ಒಪ್ಪಲಿಲ್ಲ. ಕೊನೆಗೆ 2022ರಲ್ಲಿ ಉಳಿದಿದ್ದು ಅದರ ಚೂರು. ಆ ಚೂರಿನಲ್ಲೇ ವಯಸ್ಸಾದವರ ಸರ್ಕಾರಿ ವಿಮೆ ಔಷಧಿ ಕಂಪನಿಗಳ ಜೊತೆ ಬೆಲೆ ಚೌಕಾಸಿ ಮಾಡುವ ಅಧಿಕಾರ ಮತ್ತು ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮಿತಿ ಬಂದವು. ಆ ಮಸೂದೆಯ ಮೇಲಿನ ಒಂದು ತಿದ್ದುಪಡಿಗೆ ಅವರ ಪರ ಬಿದ್ದಿದ್ದು ಒಂದೇ ಮತ, ಅವರದ್ದೇ.

ಕಾನೂನಾಗದೆಯೂ ಕೆಲಸ ಮಾಡಿದ ಮಸೂದೆಗಳಿವೆ. 2018ರ ಸೆಪ್ಟೆಂಬರ್‌ನಲ್ಲಿ, ದೊಡ್ಡ ಕಂಪನಿಯ ನೌಕರರು ಸರ್ಕಾರದ ಆಹಾರ ಸಹಾಯ ಪಡೆಯುತ್ತಿದ್ದರೆ ಆ ಹಣವನ್ನು ಕಂಪನಿಯಿಂದಲೇ ವಸೂಲು ಮಾಡಬೇಕು ಎಂಬ ಮಸೂದೆ ತಂದರು. ಅಮೆಜಾನ್ ಮಾಲೀಕ ಜೆಫ್ ಬೆಜೋಸ್ ಹೆಸರು ಬರುವ ಹಾಗೆ ಅದಕ್ಕೆ ಹೆಸರಿಟ್ಟಿದ್ದರು. ಮಸೂದೆ ಎಲ್ಲೂ ಹೋಗಲಿಲ್ಲ. ಆದರೆ ಅಕ್ಟೋಬರ್ ಮೊದಲ ವಾರದಲ್ಲಿ ಅಮೆಜಾನ್ ತನ್ನ ಅಮೆರಿಕ ನೌಕರರಿಗೆಲ್ಲ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಘೋಷಿಸಿತು. ದೇಶದ ಕನಿಷ್ಠ ಕೂಲಿ 2009ರಿಂದ 7.25 ಡಾಲರ್‌ನಲ್ಲೇ ನಿಂತಿದೆ, ಇದನ್ನು ನೆನಪಿಟ್ಟುಕೊಳ್ಳಿ.

ಎಲ್ಲದಕ್ಕೂ ಒಂದೇ ಅಳತೆ, ಬಹುಪಾಲು

ಈಗ ಅವರ ಮತಗಳನ್ನು ಸಾಲಾಗಿ ಇಟ್ಟರೆ ಗೊಂದಲ ಕಮ್ಮಿಯಾಗುತ್ತಾ ಬರುತ್ತದೆ. 1993ರಲ್ಲಿ ಮೆಕ್ಸಿಕೊ, ಕೆನಡಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ ವಿರೋಧ. 2000ದಲ್ಲಿ ಚೀನಾಕ್ಕೆ ಕಾಯಂ ವ್ಯಾಪಾರ ಸವಲತ್ತು ಕೊಡುವುದಕ್ಕೆ ವಿರೋಧ. 2007ರಲ್ಲಿ ವಲಸೆ ಸುಧಾರಣೆ ಮಸೂದೆಗೆ ವಿರೋಧ, ಅದರಲ್ಲಿ ತಾತ್ಕಾಲಿಕ ವಿದೇಶಿ ಕೆಲಸಗಾರರನ್ನು ತರುವ ಅವಕಾಶ ದೊಡ್ಡದಾಗಿತ್ತು ಅಂತ. 2013ರಲ್ಲಿ ಅಂಥದ್ದೇ ಇನ್ನೊಂದು ಮಸೂದೆಗೆ ಬೆಂಬಲ, ಅದರೊಳಗೆ ಯುವಜನರ ಉದ್ಯೋಗಕ್ಕೆ 150 ಕೋಟಿ ಡಾಲರ್ ಸೇರಿಸಿಕೊಂಡ ಮೇಲೆ. 2015ರಲ್ಲಿ ಸಂದರ್ಶನವೊಂದರಲ್ಲಿ ಗಡಿಗಳನ್ನು ಪೂರ್ತಿ ತೆರೆಯಬಾರದೇಕೆ ಎಂದು ಕೇಳಿದಾಗ, ಅದು ಕಡಿಮೆ ಕೂಲಿಗೆ ಜನ ಬೇಕಾದ ಕೋಚ್ ಸೋದರರಂಥ ಬಂಡವಾಳಿಗರ ಐಡಿಯಾ ಎಂದುಬಿಟ್ಟರು.

ಅವರು ಪ್ರತಿ ಸಲ ಕೇಳುವ ಪ್ರಶ್ನೆ ಒಂದೇ. ಇದರಿಂದ ದುಡಿಯುವವನಿಗೆ ಮಾಲೀಕನ ಎದುರು ಚೌಕಾಸಿ ಮಾಡುವ ಶಕ್ತಿ ಹೆಚ್ಚುತ್ತದೋ ಇಳಿಯುತ್ತದೋ? ಇಲ್ಲಿರುವ ವಲಸಿಗನಿಗೆ ಪೌರತ್ವ ಕೊಟ್ಟರೆ ಅವನು ಹೆದರದೆ ಕೂಲಿ ಕೇಳುತ್ತಾನೆ, ಹಾಗಾಗಿ ಅದಕ್ಕೆ ಬೆಂಬಲ. ಹೊಸದಾಗಿ ತಾತ್ಕಾಲಿಕ ವೀಸಾದಲ್ಲಿ ತಂದರೆ ಅವನು ಬಾಯಿ ಬಿಡಲಾರ, ಅವನನ್ನು ನೋಡಿ ಪಕ್ಕದವನ ಕೂಲಿಯೂ ಇಳಿಯುತ್ತದೆ, ಹಾಗಾಗಿ ಅದಕ್ಕೆ ವಿರೋಧ. ವಲಸಿಗರ ಪರ, ವೀಸಾ ವಿರೋಧ ಎನ್ನುವುದು ನಮಗೆ ವಿಚಿತ್ರ ಕಂಡರೂ ಅವರ ಲೆಕ್ಕದಲ್ಲಿ ಎರಡೂ ಒಂದೇ ಬೇರಿನಿಂದ ಬಂದದ್ದು.

ಈ ಅಳತೆಗೆ ಹೊರಗಿನವೂ ಇವೆ, ಮುಚ್ಚಿಡುವುದು ಬೇಡ. 1993ರಲ್ಲಿ ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲಿಸುವ ಕಾನೂನಿಗೆ ವಿರುದ್ಧ ಮತ ಹಾಕಿದರು, 2005ರಲ್ಲಿ ಬಂದೂಕು ತಯಾರಕರಿಗೆ ಮೊಕದ್ದಮೆಗಳಿಂದ ರಕ್ಷಣೆ ಕೊಡುವ ಕಾನೂನಿಗೆ ಪರವಾಗಿ. ವರ್ಮಾಂಟ್ ಬೇಟೆಗಾರರ ಹಳ್ಳಿನಾಡು, ಅಲ್ಲಿ ಗೆಲ್ಲಬೇಕಿತ್ತು. ಪ್ರಗತಿಪರ ಎಂಬ ಹಣೆಪಟ್ಟಿಯ ಒಳಗೂ ಕ್ಷೇತ್ರದ ರಾಜಕಾರಣ ಇರುತ್ತದೆ.

ಎಚ್‌-1ಬಿ ಮೇಲೆ ಸಿಟ್ಟು ಯಾಕೆ

ಈಗ ನಮಗೆ ಬೇಕಾದ ವಿಷಯಕ್ಕೆ ಬರೋಣ. ಎಚ್‌-1ಬಿ 1990ರ ಕಾನೂನಿನ ಕೂಸು. ವರ್ಷಕ್ಕೆ 65,000, ಜೊತೆಗೆ ಅಮೆರಿಕದಲ್ಲೇ ಸ್ನಾತಕೋತ್ತರ ಓದಿದವರಿಗೆ 20,000. ಬೇಡಿಕೆ ಇದಕ್ಕಿಂತ ಎಷ್ಟೋ ಪಾಲು. 2026ರ ಹಣಕಾಸು ವರ್ಷಕ್ಕೆ ಅರ್ಹ ನೋಂದಣಿ 3.4 ಲಕ್ಷ, ಲಾಟರಿಯಲ್ಲಿ ಆರಿಸಿದ್ದು 1.2 ಲಕ್ಷ. 2024ರಲ್ಲಿ ಮಂಜೂರಾದ ಅರ್ಜಿಗಳಲ್ಲಿ ಶೇ 71 ಭಾರತೀಯರವು.

ಅರ್ಜಿ ಹಾಕುವುದು ಕಂಪನಿ, ಕೆಲಸಗಾರನಲ್ಲ. ಕೆಲಸ ಹೋದರೆ 60 ದಿನದೊಳಗೆ ಬೇರೆ ಕಂಪನಿ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಗ್ರೀನ್ ಕಾರ್ಡ್ ಬಂದರೆ ಈ ಕಟ್ಟು ಬಿಚ್ಚುತ್ತದೆ, ಆದರೆ ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ 1.4 ಲಕ್ಷ, ಯಾವುದೇ ಒಂದು ದೇಶಕ್ಕೆ ಸುಮಾರು ಶೇ 7ರ ಮಿತಿ. ದಾವಣಗೆರೆಯ ಎಂಜಿನಿಯರಿಗೂ ಐಸ್‌ಲ್ಯಾಂಡಿನ ಎಂಜಿನಿಯರಿಗೂ ಒಂದೇ ಕೋಟಾ ಎಂದರೆ ಸಾಲು ಎಷ್ಟು ಉದ್ದ ಆಗುತ್ತದೆ ಯೋಚಿಸಿ. ದಶಕಗಟ್ಟಲೆ ಕಾಯಬೇಕು. ಅಷ್ಟು ದಿನ ಸಂಬಳ ಜಾಸ್ತಿ ಕೇಳಲು, ಬಾಸ್ ಜೊತೆ ಜಗಳಾಡಲು ಯಾರಿಗೆ ಧೈರ್ಯ ಇರುತ್ತದೆ?

ಇನ್ನು ಸಂಬಳ. ನೌಕರರಲ್ಲಿ ವೀಸಾದವರ ಪಾಲು ಒಂದು ಮಿತಿ (ದೊಡ್ಡ ಕಂಪನಿಯಲ್ಲಿ ಶೇ 15) ಮುಟ್ಟಿದ ಕಂಪನಿಗಳಿಗೆ 1998ರಲ್ಲಿ ಒಂದು ನಿಯಮ ಬಂತು. ಅಮೆರಿಕನ್ನರನ್ನು ತೆಗೆದು ವೀಸಾದವರನ್ನು ಇಟ್ಟುಕೊಳ್ಳುವುದಿಲ್ಲ, ಮೊದಲು ಇಲ್ಲಿಯವರಿಗಾಗಿ ಹುಡುಕಿದ್ದೇವೆ ಎಂದು ಅವು ಬರೆದುಕೊಡಬೇಕು. ಆದರೆ ವರ್ಷಕ್ಕೆ 60,000 ಡಾಲರ್ ಸಂಬಳ ಕೊಟ್ಟರೆ ಇದರಿಂದ ವಿನಾಯಿತಿ. ಆ 60,000 ಇವತ್ತಿಗೂ 60,000ವೇ, ಬೆಲೆ ಏರಿಕೆಗೆ ತಕ್ಕಂತೆ ಒಂದು ಡಾಲರೂ ಏರಿಲ್ಲ. ಅದರ ಜೊತೆಗೆ ಸಂಬಳದ ನಾಲ್ಕು ಹಂತಗಳಿವೆ, ಮೊದಲ ಎರಡು ಆ ಊರಿನ ಆ ಕೆಲಸದ ಸರಾಸರಿ ಮಟ್ಟಕ್ಕಿಂತ ಕೆಳಗೆ. ಆ ಎರಡು ಹಂತಗಳಲ್ಲೇ ಶೇ 60ರಷ್ಟು ಹುದ್ದೆಗಳಿವೆ ಎಂದು 2019ರ ಅಂಕಿ ಇಟ್ಟುಕೊಂಡು ಕಾರ್ಮಿಕ ಪರ ಸಂಶೋಧಕರು ತೋರಿಸಿದ್ದಾರೆ.

ಸ್ಯಾಂಡರ್ಸ್ ಇದರಲ್ಲಿ ಕೈಹಾಕಿದ್ದು ನಿನ್ನೆ ಮೊನ್ನೆಯಲ್ಲ. 2009ರ ಫೆಬ್ರವರಿಯಲ್ಲಿ, ಸರ್ಕಾರದ ಹಣದಿಂದ ಬದುಕುಳಿದ ಬ್ಯಾಂಕುಗಳು ಎಚ್‌-1ಬಿ ಮೇಲೆ ಜನ ತೆಗೆದುಕೊಳ್ಳುವಂತಿಲ್ಲ ಎಂದು ಗ್ರಾಸ್ಲಿ ಜೊತೆ ಸೇರಿ ತಿದ್ದುಪಡಿ ತಂದರು. ರಾಜಿಯಾಗಿ ಪಾಸಾಗಿದ್ದು ಸ್ವಲ್ಪ ಮೆತ್ತಗಿತ್ತು. ಎರಡು ವರ್ಷ ಆ ಬ್ಯಾಂಕುಗಳು ಮೇಲೆ ಹೇಳಿದ ಬಿಗಿ ನಿಯಮ ಪಾಲಿಸಬೇಕು, 60,000ದ ವಿನಾಯಿತಿ ಇಲ್ಲ. ಪರಿಣಾಮ ತಕ್ಷಣ ಕಂಡಿತು, ಅಮೆರಿಕದಲ್ಲಿ ಎಂಬಿಎ ಓದುತ್ತಿದ್ದ ವಿದೇಶಿ ವಿದ್ಯಾರ್ಥಿಗಳಿಗೆ ಒಂದು ದೊಡ್ಡ ಬ್ಯಾಂಕು ಕೊಟ್ಟಿದ್ದ ಆಫರ್‌ಗಳನ್ನು ವಾಪಸ್ ಪಡೆಯಿತು.

ಮತ್ತೆ ಕಿಡಿ ಹೊತ್ತಿದ್ದು 2024ರ ಡಿಸೆಂಬರ್‌ನಲ್ಲಿ. ಇಲಾನ್ ಮಸ್ಕ್, ವಿವೇಕ್ ರಾಮಸ್ವಾಮಿ ಎಚ್‌-1ಬಿ ಪರ ನಿಂತರು, ಟ್ರಂಪ್ ಬಣದ ಬಲಪಂಥೀಯರು ಅವರ ಮೇಲೆ ಮುಗಿಬಿದ್ದರು, ಟ್ರಂಪ್ ಆಗ ನನಗೂ ಈ ವೀಸಾ ಇಷ್ಟ ಎಂದರು. ಜನವರಿ ಮೊದಲ ವಾರ ಸ್ಯಾಂಡರ್ಸ್ ಮಸ್ಕ್ ಹೇಳಿದ್ದು ತಪ್ಪು ಎಂದು ಹೇಳಿಕೆ ಕೊಟ್ಟರು. ಈ ವೀಸಾ ಮುಖ್ಯವಾಗಿ ಬಳಕೆಯಾಗುತ್ತಿರುವುದು ಅತಿ ಬುದ್ಧಿವಂತರನ್ನು ಕರೆತರಲು ಅಲ್ಲ, ಒಳ್ಳೆ ಸಂಬಳದ ಅಮೆರಿಕನ್ ಕೆಲಸಗಳ ಜಾಗಕ್ಕೆ ಕಡಿಮೆ ಸಂಬಳದ ಜೀತದಾಳುಗಳನ್ನು ತರಲು ಎಂಬುದು ಅವರ ವಾದ. ಜೀತ ಎಂಬ ಮಾತು ನಮ್ಮವರಿಗೆ ಚುಚ್ಚಿತು. ಲಕ್ಷ ಡಾಲರ್ ದುಡಿಯುವವನನ್ನು ಜೀತದಾಳು ಅನ್ನುವುದು ಉತ್ಪ್ರೇಕ್ಷೆಯೇ ಸರಿ. ಆದರೆ ಅವರ ಬೊಟ್ಟು ಇದ್ದದ್ದು ಕಂಪನಿಯ ಕಡೆ, ಕೆಲಸಗಾರನ ಕಡೆ ಅಲ್ಲ.

ಟ್ರಂಪ್ ಶುಲ್ಕ ಬೇರೆ, ಸ್ಯಾಂಡರ್ಸ್ ತಿದ್ದುಪಡಿ ಬೇರೆ

ಅದೇ ಜನವರಿಯಲ್ಲಿ ಅವರು ಲೇಕನ್ ರೈಲಿ ಹೆಸರಿನ ವಲಸೆ ಮಸೂದೆಗೆ ಒಂದು ತಿದ್ದುಪಡಿ ಮುಂದಿಟ್ಟರು. ಎಚ್‌-1ಬಿ ಶುಲ್ಕ ಎರಡು ಪಟ್ಟು ಮಾಡಿ, ಆ ಹಣದಲ್ಲಿ ವರ್ಷಕ್ಕೆ 20,000 ಅಮೆರಿಕನ್ ವಿದ್ಯಾರ್ಥಿಗಳಿಗೆ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಓದಲು ಸ್ಕಾಲರ್‌ಶಿಪ್ ಕೊಡಿ ಎಂದು. ಜೊತೆಗೆ ಅವರು ಕೇಳುತ್ತಿದ್ದದ್ದು ವೀಸಾದವರ ಕನಿಷ್ಠ ಸಂಬಳ ಏರಿಸಿ, ಸುಲಭವಾಗಿ ಕಂಪನಿ ಬದಲಿಸಲು ಬಿಡಿ, ಮೊದಲು ಸ್ಥಳೀಯರಿಗೆ ಅವಕಾಶ ಕೊಡಿ ಅಂತ. ತಿದ್ದುಪಡಿ ಕಾನೂನಿಗೆ ಸೇರಲಿಲ್ಲ. ಮೂಲ ಮಸೂದೆ, ಅಂದರೆ ಕಳ್ಳತನದಂಥ ಆರೋಪ ಬಂದ ದಾಖಲೆಯಿಲ್ಲದ ವಲಸಿಗರನ್ನು ಬಂಧನದಲ್ಲಿಡುವ ಕಾನೂನಿಗೆ, ಸ್ಯಾಂಡರ್ಸ್ ವಿರುದ್ಧ ಮತ ಹಾಕಿದರು. ಒಂದೇ ಮಸೂದೆ ಮೇಲೆ ಎಚ್‌-1ಬಿ ಬಿಗಿ ಮಾಡಲು ನೋಡಿದ್ದೂ ಅವರೇ, ವಲಸಿಗರ ಬಂಧನ ವಿರೋಧಿಸಿದ್ದೂ ಅವರೇ.

ಟ್ರಂಪ್ ಶುಲ್ಕದಲ್ಲಿ ಸಂಬಳದ ಮಾತೂ ಇಲ್ಲ, ಕಂಪನಿ ಬದಲಿಸುವ ಸ್ವಾತಂತ್ರ್ಯದ ಮಾತೂ ಇಲ್ಲ. ಬಾಗಿಲಲ್ಲಿ ದುಬಾರಿ ಟೋಲ್ ಇಟ್ಟ ಹಾಗೆ. ದೊಡ್ಡ ಟೆಕ್ ಕಂಪನಿ ಬೇಕಾದವನಿಗೆ ಕಟ್ಟುತ್ತದೆ, ಹಳ್ಳಿ ಆಸ್ಪತ್ರೆ, ಸಣ್ಣ ವಿಶ್ವವಿದ್ಯಾಲಯ ಕಟ್ಟಲಾರವು. 2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಸ್ಪಷ್ಟನೆ ಬಂತು. ಈಗಾಗಲೇ ಅಮೆರಿಕದೊಳಗೆ ವಿದ್ಯಾರ್ಥಿ ವೀಸಾದಲ್ಲಿದ್ದು ಅಲ್ಲಿಂದಲೇ ಎಚ್‌-1ಬಿಗೆ ಬದಲಾಗುವವರಿಗೆ ಈ ಶುಲ್ಕ ಇಲ್ಲ. ಅಂದರೆ ಹೊಡೆತ ಬೀಳುವುದು ಬೆಂಗಳೂರಿನ ಆಫೀಸಿನಿಂದ ನೇರವಾಗಿ ಕಳಿಸುವವರಿಗೆ. ಇನ್ನು ಡಿಸೆಂಬರ್‌ನಲ್ಲಿ ಬಂದ ನಿಯಮದಂತೆ ಲಾಟರಿಯಲ್ಲಿ ಹೆಚ್ಚು ಸಂಬಳದವರಿಗೆ ಹೆಚ್ಚು ಚೀಟಿ, ನಾಲ್ಕನೇ ಹಂತಕ್ಕೆ ನಾಲ್ಕು, ಮೊದಲ ಹಂತಕ್ಕೆ ಒಂದು. ಇದು ಮಾತ್ರ ಸ್ಯಾಂಡರ್ಸ್ ಬಣದ ವಾದಕ್ಕೆ ಹತ್ತಿರ. ಹಾಗೆಂದು ಇಬ್ಬರ ಉದ್ದೇಶ ಒಂದೇ ಅಂತಲ್ಲ.

ಎದುರು ವಾದವೂ ಗಟ್ಟಿಯಾಗಿಯೇ ಇದೆ

ಎಚ್‌-1ಬಿ ಪರ ಇರುವವರು ಹೇಳುವುದು: 2024ರಲ್ಲಿ ಮಂಜೂರಾದವರ ಮಧ್ಯಮ ಸಂಬಳ ವರ್ಷಕ್ಕೆ 1.2 ಲಕ್ಷ ಡಾಲರ್. ಇದು ಅಮೆರಿಕದ ಸಾಮಾನ್ಯ ನೌಕರನ ಸಂಬಳಕ್ಕಿಂತ ಎಷ್ಟೋ ಮೇಲು. ಸ್ಯಾಂಡರ್ಸ್ ಕೆಲವು ಹೊರಗುತ್ತಿಗೆ ಕಂಪನಿಗಳ ಚಾಳಿಯನ್ನು ಇಡೀ ವ್ಯವಸ್ಥೆಗೆ ಅಂಟಿಸುತ್ತಿದ್ದಾರೆ. ಒಬ್ಬ ಒಳ್ಳೆಯ ಎಂಜಿನಿಯರ್ ಬಂದರೆ ಅವನ ಸುತ್ತ ಇನ್ನಷ್ಟು ಕೆಲಸ ಹುಟ್ಟುತ್ತದೆ. ಇದರಲ್ಲಿ ಹುರುಳಿದೆ. ಕೆಲಸಗಳು ಒಂದು ಡಬ್ಬಿಯಲ್ಲಿ ಎಣಿಸಿಟ್ಟ ಹಾಗೆ ಇರುತ್ತವೆ, ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನಿಗೆ ಇಲ್ಲ ಎಂಬ ಭಾವನೆ ಸ್ಯಾಂಡರ್ಸ್ ಮಾತಿನಲ್ಲಿ ಆಗಾಗ ಇಣುಕುತ್ತದೆ. ಅವರ ವಾದದ ದುರ್ಬಲ ಜಾಗ ಇದೇ ಎಂದು ನನ್ನ ಅಭಿಪ್ರಾಯ. ವೀಸಾ ನಿಲ್ಲಿಸಿದರೆ ಆ ಕೆಲಸ ಓಹಾಯೊದಲ್ಲೇ ಉಳಿಯುತ್ತದೆ ಎನ್ನಲು ಗ್ಯಾರಂಟಿ ಏನು?

ಬೆಂಗಳೂರಿಗೆ ಆಗುವುದೇನು

ಉಳಿಯುವುದಿಲ್ಲ ಅನ್ನುವುದಕ್ಕೆ ಹಳೇ ಅನುಭವ ಇದೆ. 2010ರ ಆಗಸ್ಟ್‌ನಲ್ಲಿ ಗಡಿ ಭದ್ರತೆಗೆ ಹಣ ಹೊಂದಿಸಲು, ಅರ್ಧಕ್ಕಿಂತ ಹೆಚ್ಚು ವೀಸಾ ನೌಕರರಿರುವ ಕಂಪನಿಗಳ ಮೇಲೆ ಅರ್ಜಿಗೆ 2,000 ಡಾಲರ್ ಹೆಚ್ಚುವರಿ ಶುಲ್ಕ ಹಾಕಿದರು. ಆ ಮಸೂದೆಯ ಚರ್ಚೆಯಲ್ಲಿ ಸೆನೆಟರ್ ಚಕ್ ಶೂಮರ್ ಇನ್ಫೋಸಿಸ್ ಹೆಸರೆತ್ತಿ, ಕದ್ದ ಕಾರು ಬಿಚ್ಚಿ ಮಾರುವ ಗ್ಯಾರೇಜಿಗೆ ಹೋಲಿಸಿದ್ದು ಇಲ್ಲಿ ದೊಡ್ಡ ಗಲಾಟೆಯಾಗಿತ್ತು. ಆಮೇಲೆ ಮಾತು ತಿದ್ದಿಕೊಂಡರು. ಶುಲ್ಕ 2015ರ ಕೊನೆಗೆ 4,000 ಆಯಿತು. ಕಂಪನಿಗಳು ಸುಮ್ಮನೆ ಕೂರಲಿಲ್ಲ. 2017ರಲ್ಲಿ ಇನ್ಫೋಸಿಸ್ ಎರಡು ವರ್ಷದಲ್ಲಿ 10,000 ಅಮೆರಿಕನ್ನರನ್ನು ತೆಗೆದುಕೊಳ್ಳುವುದಾಗಿ ಘೋಷಿಸಿತು. ಇತ್ತ ಅಮೆರಿಕದ ಬ್ಯಾಂಕು, ಚಿಲ್ಲರೆ ಮಾರಾಟ, ಔಷಧಿ ಕಂಪನಿಗಳು ಹೊರಗುತ್ತಿಗೆ ಬದಲು ಇಲ್ಲೇ ಸ್ವಂತ ಕಚೇರಿ ತೆರೆಯತೊಡಗಿದವು.

ಜಿಸಿಸಿ ಎಂದು ಕರೆಯುವ ಈ ಕಚೇರಿಗಳು ದೇಶದಲ್ಲಿ 1,700ಕ್ಕೂ ಜಾಸ್ತಿ, ಅದರಲ್ಲಿ ದೊಡ್ಡ ಪಾಲು ಬೆಂಗಳೂರಲ್ಲೇ. 2024ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಇದಕ್ಕೆಂದೇ ನೀತಿ ಮಾಡಿ 2029ರೊಳಗೆ ಇನ್ನೂ 500 ತರುವ ಗುರಿ ಇಟ್ಟಿದೆ. ವೀಸಾ ದುಬಾರಿಯಾದಷ್ಟೂ ಜನರನ್ನು ಅಲ್ಲಿಗೆ ಕಳಿಸುವ ಬದಲು ಕೆಲಸವನ್ನೇ ಇಲ್ಲಿಗೆ ಕಳಿಸುವುದು ಲಾಭ. ಬೆಳ್ಳಂದೂರಿನ ಬಾಡಿಗೆ ಇನ್ನೂ ಏರಬಹುದು, ಅದು ಬೇರೆ ಮಾತು. ನಷ್ಟ ಆಗುವುದು ಅಮೆರಿಕಕ್ಕೆ ಹೋಗಿ ಡಾಲರ್ ಉಳಿಸಿ ಬರುವ ಮಧ್ಯಮ ಹಂತದ ಎಂಜಿನಿಯರಿಗೆ. ಈ ಲೆಕ್ಕ ಅಮೆರಿಕದವರಿಗೂ ಅರ್ಥವಾಗಿದೆ, ಅದಕ್ಕೇ ಮೊರೆನೊ ಅವರ ಶೇ 25 ತೆರಿಗೆ ಮಸೂದೆ ಬಂದದ್ದು. ಅದು ಪಾಸಾದರೆ ಬೆಂಗಳೂರಿಗೆ ಎಚ್‌-1ಬಿ ಶುಲ್ಕಕ್ಕಿಂತ ಎಷ್ಟೋ ದೊಡ್ಡ ಪೆಟ್ಟು. ಇನ್ನು ಸ್ಯಾಂಡರ್ಸ್ ಗಮನ ಈಗ ಹೋಗಿರುವುದು ಎಐ ಕಡೆಗೆ. ಹತ್ತು ವರ್ಷದಲ್ಲಿ ಅಮೆರಿಕದ 10 ಕೋಟಿಯ ಹತ್ತಿರ ಕೆಲಸಗಳು ಎಐನಿಂದ ಹೋಗಬಹುದು ಎಂಬ ವರದಿಯನ್ನು ಅವರ ಕಡೆಯವರು 2025ರ ಅಕ್ಟೋಬರ್‌ನಲ್ಲಿ ಹೊರತಂದರು. ಅಂಕಿ ಒಪ್ಪಬೇಕೆಂದಿಲ್ಲ, ಪ್ರಶ್ನೆ ಬೆಂಗಳೂರಿನದ್ದೂ ಹೌದು.

ಉಡುಪಿಯಿಂದ ಹೋದ ಉತ್ತರ

ಸ್ಯಾಂಡರ್ಸ್ ಎಂದರೆ ಭಾರತ ವಿರೋಧಿ ಎಂಬ ಮಾತು ನಮ್ಮಲ್ಲಿ ಕೇಳುವುದಕ್ಕೆ ವೀಸಾ ಒಂದೇ ಕಾರಣವಲ್ಲ. 2019ರ ಆಗಸ್ಟ್ ಕೊನೆಗೆ ಹ್ಯೂಸ್ಟನ್‌ನಲ್ಲಿ ಅವರು ಕಾಶ್ಮೀರದ ನಿರ್ಬಂಧಗಳನ್ನು ಟೀಕಿಸಿದರು. 2020ರ ಫೆಬ್ರವರಿಯಲ್ಲಿ ದೆಹಲಿ ಗಲಭೆ ಹೊತ್ತಲ್ಲಿ ಟ್ರಂಪ್ ಅದು ಭಾರತಕ್ಕೆ ಬಿಟ್ಟದ್ದು ಎಂದಾಗ ಸ್ಯಾಂಡರ್ಸ್ ಅವರನ್ನು ತರಾಟೆಗೆ ತೆಗೆದುಕೊಂಡರು. ಉತ್ತರ ಕೊಟ್ಟವರು ಉಡುಪಿ ಮೂಲದ ಬಿಜೆಪಿ ಸಂಘಟನಾ ಪ್ರಧಾನ ಕಾರ್ಯದರ್ಶಿ ಬಿ.ಎಲ್. ಸಂತೋಷ್. ನಾವು ತಟಸ್ಥರಾಗಿರಬೇಕೆಂದರೂ ನೀವೇ ನಮ್ಮನ್ನು ಅಧ್ಯಕ್ಷೀಯ ಚುನಾವಣೆಯಲ್ಲಿ ಪಾತ್ರ ವಹಿಸುವಂತೆ ಮಾಡುತ್ತಿದ್ದೀರಿ ಎಂಬರ್ಥದ ಟ್ವೀಟ್ ಅದು, ಸ್ವಲ್ಪ ಹೊತ್ತಿಗೆ ಅಳಿಸಿದರು. ಆದರೆ ಸ್ಯಾಂಡರ್ಸ್ ಹೀಗೆ ಮಾತಾಡುವುದು ಭಾರತದ ಬಗ್ಗೆ ಮಾತ್ರ ಅಲ್ಲ. 2019ರಲ್ಲಿ ಯೆಮೆನ್ ಯುದ್ಧಕ್ಕೆ ಅಮೆರಿಕದ ನೆರವು ನಿಲ್ಲಿಸುವ ಅವರ ನಿರ್ಣಯ ಎರಡೂ ಮನೆಗಳಲ್ಲಿ ಪಾಸಾಗಿ ಟ್ರಂಪ್ ವೀಟೊ ಹಾಕಬೇಕಾಯಿತು. ಇಸ್ರೇಲಿಗೆ ಶಸ್ತ್ರ ಮಾರಾಟ ತಡೆಯುವ ನಿರ್ಣಯಕ್ಕೆ 2024ರ ನವೆಂಬರ್‌ನಲ್ಲಿ 18 ಮತ ಬಿತ್ತು, 2025ರ ಜುಲೈನಲ್ಲಿ ಅಂಥದ್ದೇ ಇನ್ನೊಂದಕ್ಕೆ 27.

ಮುಂದೆ

ಗ್ರಾಸ್ಲಿ-ಡರ್ಬಿನ್ ಮಸೂದೆ ಮೊದಲ ಸಲ ಬಂದಿದ್ದು 2007ರಲ್ಲಿ. ಪ್ರತಿ ಸಲ ಬರುತ್ತದೆ, ಪ್ರತಿ ಸಲ ಬಾಕಿ ಉಳಿಯುತ್ತದೆ. ಕಾರಣ ಸರಳ, 60 ಮತ ಬೇಕು, ಟೆಕ್ ಕಂಪನಿಗಳ ಲಾಬಿ ಎರಡೂ ಪಕ್ಷಗಳಲ್ಲಿದೆ, ಗ್ರೀನ್ ಕಾರ್ಡ್ ಸಾಲು ಬಿಡಿಸದೆ ವೀಸಾ ಬಿಗಿ ಮಾಡಬಾರದು ಅನ್ನುವವರೂ ಇದ್ದಾರೆ. ಗ್ರಾಸ್ಲಿಗೆ ವಯಸ್ಸು 90 ದಾಟಿದೆ, ಡರ್ಬಿನ್ 2026ರ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಘೋಷಿಸಿದ್ದಾರೆ, ಸ್ಯಾಂಡರ್ಸ್ ಅವಧಿ 2031ರ ಜನವರಿವರೆಗೆ. ಮುದುಕರು ಹೋದರೆ ಈ ಬೇಡಿಕೆಯೂ ಹೋಗುತ್ತದೆ ಅಂತ ಕಾಯುವವರು ರೋ ಖನ್ನಾ ಕಡೆ ಒಮ್ಮೆ ನೋಡಬೇಕು. ಭಾರತೀಯ ಮೂಲದವರು, ಸಿಲಿಕಾನ್ ವ್ಯಾಲಿಯ ಸಂಸದ, 2020ರಲ್ಲಿ ಸ್ಯಾಂಡರ್ಸ್ ಪ್ರಚಾರದ ಸಹ ಅಧ್ಯಕ್ಷರಾಗಿದ್ದವರು. 2017ರಲ್ಲಿ ಎಚ್‌-1ಬಿ, ಎಲ್‌-1 ಸುಧಾರಣೆ ಮಸೂದೆಯನ್ನು ಕೆಳಮನೆಗೆ ತಂದವರಲ್ಲಿ ಅವರೂ ಒಬ್ಬರು.